ನಿಷೇಧವಿಲ್ಲದೆ ಮಾಯವಾದ ಪುಸ್ತಕ: ರಾಮಾನುಜನ್ ಪ್ರಬಂಧ ಮತ್ತು ಪ್ರಕಾಶಕರ ಮೌನ

2011ರ ನವೆಂಬರ್ ಕೊನೆಯಲ್ಲಿ ಬೇರೆ ಬೇರೆ ದೇಶಗಳ 450ಕ್ಕೂ ಹೆಚ್ಚು ವಿದ್ವಾಂಸರು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ಗೆ ಒಂದು ಪತ್ರ ಕಳಿಸಿದರು. ಸಹಿ ಹಾಕಿದವರಲ್ಲಿ ಅದೇ ಪ್ರಕಾಶನದಿಂದ ಪುಸ್ತಕ ತಂದವರೂ ಇದ್ದರು. ಅವರು ಕೇಳಿದ್ದು ದೊಡ್ಡದೇನಲ್ಲ. ಎ.ಕೆ. ರಾಮಾನುಜನ್ ಅವರ ರಾಮಾಯಣದ ಪ್ರಬಂಧ ಇರುವ ಪುಸ್ತಕಗಳನ್ನು ಮತ್ತೆ ಅಚ್ಚು ಹಾಕಿ, ಅಷ್ಟೆ.

ಆ ಪುಸ್ತಕಗಳನ್ನು ಯಾವ ಸರ್ಕಾರವೂ ನಿಷೇಧಿಸಿರಲಿಲ್ಲ. ಮಾರಬೇಡಿ ಎಂದು ಯಾವ ಕೋರ್ಟೂ ಹೇಳಿರಲಿಲ್ಲ. ಆದರೂ ಭಾರತದಲ್ಲಿ ಅವು ಸಿಗುತ್ತಿರಲಿಲ್ಲ.

ಈ ಪ್ರಕರಣವನ್ನು ಹೆಚ್ಚಿನವರು ದೆಹಲಿ ವಿಶ್ವವಿದ್ಯಾಲಯದ ಪಠ್ಯದ ಜಗಳವಾಗಿ ನೆನಪಿಟ್ಟುಕೊಂಡಿದ್ದಾರೆ. ಅದು ಸುಳ್ಳಲ್ಲ. ಆದರೆ ನನ್ನನ್ನು ಜಾಸ್ತಿ ಕಾಡುವುದು ಅದರ ಇನ್ನೊಂದು ಮಗ್ಗುಲು. ಪಠ್ಯದಿಂದ ತೆಗೆದ ಪ್ರಬಂಧವನ್ನು ಆಸಕ್ತಿ ಇದ್ದವರು ಹುಡುಕಿ ಓದಬಹುದು. ಪ್ರಕಾಶಕರೇ ಅಚ್ಚು ನಿಲ್ಲಿಸಿದರೆ ಹುಡುಕುವುದೆಲ್ಲಿ? ವಿದ್ವತ್ ಪುಸ್ತಕ ತರುವವರ ಕೆಲಸ ಮೊದಲ ಮುದ್ರಣದ ದಿನಕ್ಕೇ ಮುಗಿದುಹೋಗುವುದಿಲ್ಲ. ಪುಸ್ತಕ ಓದುಗರಿಗೆ ಸಿಗುವಂತೆ ನೋಡಿಕೊಳ್ಳುವುದೂ ಆ ಕೆಲಸದ್ದೇ ಭಾಗ. ಇದು ಎಷ್ಟು ಮುಖ್ಯ ಅನ್ನುವುದು ಈ ಪ್ರಕರಣದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ನನಗೆ ಕಂಡಿಲ್ಲ.

ಬರೆದವರು ಯಾರು

ಅತ್ತಿಪಟ್ ಕೃಷ್ಣಸ್ವಾಮಿ ರಾಮಾನುಜನ್ ಹುಟ್ಟಿದ್ದು ಮೈಸೂರಿನಲ್ಲಿ, 1929ರಲ್ಲಿ. ಅಯ್ಯಂಗಾರ್ ಮನೆತನ. ತಂದೆ ಗಣಿತದ ಪ್ರಾಧ್ಯಾಪಕರು. ಅಡುಗೆಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ತಂದೆಯ ಓದುಕೋಣೆಯಲ್ಲಿ ಇಂಗ್ಲಿಷ್ ಮತ್ತು ಸಂಸ್ಕೃತ. ಮಹಾರಾಜ ಕಾಲೇಜಿನಲ್ಲಿ ಓದಿ, ಬೆಳಗಾವಿ, ಬರೋಡಾ ಮುಂತಾದ ಕಡೆ ಇಂಗ್ಲಿಷ್ ಪಾಠ ಮಾಡಿದರು. 1959ರಲ್ಲಿ ಅಮೆರಿಕಕ್ಕೆ ಹೋದರು. 1962ರಿಂದ ಕೊನೆಯವರೆಗೂ ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದರು. 1976ರಲ್ಲಿ ಪದ್ಮಶ್ರೀ, 1983ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು.

ಕನ್ನಡದವರಿಗೆ ಅವರು 'ಹೊಕ್ಕುಳಲ್ಲಿ ಹೂವಿಲ್ಲ' ಬರೆದ ಕವಿ. ಹೊರಗಿನವರಿಗೆ ವಚನಗಳನ್ನೂ ಸಂಗಂ ಕವಿತೆಗಳನ್ನೂ ಇಂಗ್ಲಿಷಿಗೆ ತಂದವರು. ಜನಪದ ಕಥೆಗಳು ಅವರ ಜೀವಮಾನದ ಹುಚ್ಚು. ಅಜ್ಜಿ ಹೇಳುವ ಕಥೆಗೂ ಪಂಡಿತರ ಕಾವ್ಯಕ್ಕೂ ಅವರು ಒಂದೇ ಗಮನ ಕೊಟ್ಟರು. ಈ ಪ್ರಕರಣದ ಬೇರು ಇರುವುದೂ ಅಲ್ಲೇ.

1993ರ ಜುಲೈನಲ್ಲಿ ಅವರು ಶಿಕಾಗೋದಲ್ಲಿ ತೀರಿಕೊಂಡರು. ಇದನ್ನು ನೆನಪಿಟ್ಟುಕೊಳ್ಳಬೇಕು. ಗಲಾಟೆ ಶುರುವಾಗುವ ಹೊತ್ತಿಗೆ ಲೇಖಕರು ಹೋಗಿ 15 ವರ್ಷವಾಗಿತ್ತು. ತಮ್ಮ ಮಾತಿನ ಅರ್ಥ ಇದು ಎಂದು ವಿವರಿಸಲು ಅವರೇ ಇರಲಿಲ್ಲ. ಅವರ ಪರವಾಗಿ ನಿಲ್ಲಬೇಕಾದ ಹೊಣೆ ಪೂರ್ತಿಯಾಗಿ ಪ್ರಕಾಶಕರ ಮೇಲೆ ಬಿತ್ತು.

ಪ್ರಬಂಧದಲ್ಲಿ ಇರುವುದೇನು

'ಮುನ್ನೂರು ರಾಮಾಯಣಗಳು: ಐದು ಉದಾಹರಣೆಗಳು ಮತ್ತು ಅನುವಾದದ ಬಗ್ಗೆ ಮೂರು ಯೋಚನೆಗಳು' ಎಂಬ ಅರ್ಥದ ಹೆಸರು ಇದಕ್ಕೆ. 1987ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಒಂದು ಸಮ್ಮೇಳನಕ್ಕಾಗಿ ಬರೆದದ್ದು. 1991ರಲ್ಲಿ ಪೌಲಾ ರಿಚ್‌ಮನ್ ಸಂಪಾದಿಸಿದ 'ಮೆನಿ ರಾಮಾಯಣಾಸ್' ಎಂಬ ಸಂಕಲನದಲ್ಲಿ ಬಂತು. ಅದನ್ನು ಪ್ರಕಟಿಸಿದ್ದು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಪ್ರೆಸ್. ಭಾರತದ ಆವೃತ್ತಿಯನ್ನು ಆಕ್ಸ್‌ಫರ್ಡ್ ತಂದಿತು. ರಾಮಾನುಜನ್ ತೀರಿಕೊಂಡ ಮೇಲೆ, 1999ರಲ್ಲಿ, ಅವರ ಪ್ರಬಂಧಗಳನ್ನೆಲ್ಲ ಸೇರಿಸಿ ವಿನಯ್ ಧಾರ್ವಾಡ್‌ಕರ್ ಸಂಪಾದಿಸಿದ ಸಂಪುಟವೂ ಆಕ್ಸ್‌ಫರ್ಡ್‌ನಿಂದಲೇ ಬಂತು. ಅಂದರೆ ಭಾರತದ ಓದುಗರಿಗೆ ಈ ಪ್ರಬಂಧ ಸಿಗುತ್ತಿದ್ದ ಎರಡು ಮುಖ್ಯ ಪುಸ್ತಕಗಳೂ ಒಂದೇ ಪ್ರಕಾಶಕರ ಕೈಯಲ್ಲಿದ್ದವು.

ಪ್ರಬಂಧ ಶುರುವಾಗುವುದೇ ಒಂದು ಕಥೆಯಿಂದ. ರಾಮ ಸಿಂಹಾಸನದ ಮೇಲೆ ಕೂತಿದ್ದಾನೆ. ಬೆರಳಿನ ಉಂಗುರ ಜಾರಿ ನೆಲಕ್ಕೆ ಬೀಳುತ್ತದೆ, ನೆಲದಲ್ಲಿ ಬಿಲ ಮಾಡಿಕೊಂಡು ಒಳಗೆ ಇಳಿದುಹೋಗುತ್ತದೆ. ತಂದುಕೊಡು ಎಂದು ಹನುಮಂತನಿಗೆ ಹೇಳುತ್ತಾನೆ. ಹನುಮಂತ ಚಿಕ್ಕವನಾಗಿ ಬಿಲಕ್ಕೆ ಇಳಿದು ಪಾತಾಳ ಸೇರುತ್ತಾನೆ. ಅಲ್ಲಿ ಭೂತಗಳ ರಾಜ ಒಂದು ತಟ್ಟೆ ತರಿಸುತ್ತಾನೆ. ಅದರ ತುಂಬ ಉಂಗುರಗಳು, ಎಲ್ಲವೂ ರಾಮನವೇ. ನಿನ್ನ ರಾಮನದು ಯಾವುದೋ ಆರಿಸಿಕೋ ಎಂದರೆ ಹನುಮಂತನಿಗೆ ತಿಳಿಯುವುದಿಲ್ಲ. ಆಗ ಆ ರಾಜ ಹೇಳುತ್ತಾನೆ: ಈ ತಟ್ಟೆಯಲ್ಲಿ ಎಷ್ಟು ಉಂಗುರ ಇವೆಯೋ ಅಷ್ಟು ರಾಮರು ಆಗಿಹೋಗಿದ್ದಾರೆ. ಒಂದು ಅವತಾರ ಮುಗಿಯುವಾಗ ಉಂಗುರ ಕೆಳಗೆ ಬೀಳುತ್ತದೆ. ನಾನು ಎತ್ತಿಡುತ್ತೇನೆ. ನೀನು ಮೇಲೆ ಹೋಗುವ ಹೊತ್ತಿಗೆ ನಿನ್ನ ರಾಮ ಇರುವುದಿಲ್ಲ.

ರಾಮಾನುಜನ್ ಈ ಕಥೆ ಹೇಳಿ, ಹಾಗಾದರೆ ರಾಮಾಯಣಗಳು ಎಷ್ಟು ಎಂದು ಕೇಳುತ್ತಾರೆ. ಹೆಸರಿನ ಮುನ್ನೂರು ಎಂಬ ಸಂಖ್ಯೆ ಅವರದಲ್ಲ. ರಾಂಚಿಯಲ್ಲಿ ನೆಲೆಸಿದ್ದ ಬೆಲ್ಜಿಯಂ ಮೂಲದ ಪಾದ್ರಿ, ಹಿಂದಿ ವಿದ್ವಾಂಸ ಕಾಮಿಲ್ ಬುಲ್ಕೆ ಲೆಕ್ಕ ಹಾಕಿದ್ದು ಅದು. ಬಾಲಿ, ಕಾಂಬೋಡಿಯ, ಟಿಬೆಟ್, ಥಾಯ್ಲೆಂಡ್, ಜಾವಾ, ಸಂತಾಲಿ, ಕಾಶ್ಮೀರಿ ಎಂದು ಪಟ್ಟಿ ಉದ್ದಕ್ಕೆ ಹೋಗುತ್ತದೆ. ಕನ್ನಡವೂ ಅದರಲ್ಲಿದೆ.

ಇಲ್ಲಿ ಅವರು ಒಂದು ಎಚ್ಚರಿಕೆಯ ಹೆಜ್ಜೆ ಇಡುತ್ತಾರೆ. ಇವುಗಳನ್ನು ಒಂದು ಮೂಲದ ಪಾಠಾಂತರಗಳು ಎಂದು ಕರೆಯುವುದು ಅವರಿಗೆ ಇಷ್ಟವಿಲ್ಲ. ಹಾಗೆ ಕರೆದರೆ ಒಂದು ಸರಿಯಾದ್ದು, ಉಳಿದವು ಅದರ ಬದಲಾದ ರೂಪ ಅಂದ ಹಾಗಾಗುತ್ತದೆ. ಒಂದೊಂದೂ ಕಥೆಯನ್ನು ಹೇಳುವ ಒಂದೊಂದು ಬಗೆ ಎನ್ನುವುದು ಅವರ ನಿಲುವು. ಹಾಗಂತ ವಾಲ್ಮೀಕಿಯನ್ನು ತಳ್ಳಿಹಾಕುತ್ತಾರಾ? ಇಲ್ಲ. ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಹೆಚ್ಚು ಗೌರವ ಪಡೆದದ್ದು ವಾಲ್ಮೀಕಿಯದು ಎಂದು ಪ್ರಬಂಧದಲ್ಲೇ ಹೇಳಿದ್ದಾರೆ. ಗಲಾಟೆ ನಡೆದಷ್ಟು ಕಾಲವೂ ಈ ಸಾಲನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಅನ್ನುವುದು ನನ್ನ ದೊಡ್ಡ ಬೇಸರ.

ಐದು ಉದಾಹರಣೆಗಳಲ್ಲಿ ಮೊದಲಿನವು ಎರಡು, ವಾಲ್ಮೀಕಿ ಮತ್ತು ತಮಿಳಿನ ಕಂಬ. ಅಹಲ್ಯೆಯ ಪ್ರಸಂಗವನ್ನು ಎರಡರಲ್ಲೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ವಾಲ್ಮೀಕಿಯಲ್ಲಿ ಅಹಲ್ಯೆ ಕಲ್ಲಾಗುವುದಿಲ್ಲ. ಯಾರ ಕಣ್ಣಿಗೂ ಬೀಳದೆ, ಬೂದಿಯ ಮೇಲೆ ಮಲಗಿ, ಗಾಳಿ ಕುಡಿದು ಬದುಕಬೇಕು ಎಂಬುದು ಅವಳ ಶಾಪ. ಕಂಬನಲ್ಲಿ ಅವಳು ಕಲ್ಲಾಗುತ್ತಾಳೆ, ರಾಮನ ಪಾದದ ಧೂಳು ತಾಗಿ ಎದ್ದು ಬರುತ್ತಾಳೆ. ನಮ್ಮಲ್ಲಿ ಎಷ್ಟೋ ಜನ ಮೂಲ ಎಂದುಕೊಂಡಿರುವ ಕಲ್ಲಿನ ಕಥೆ ವಾಲ್ಮೀಕಿಯಲ್ಲೇ ಇಲ್ಲ! ನಡುವೆ ಭಕ್ತಿಯ ಯುಗ ಬಂದಿದೆ. ಕಂಬನ ರಾಮ ದೇವರು, ಅವನ ಪಾದಕ್ಕೆ ಉದ್ಧರಿಸುವ ಶಕ್ತಿ ಇದೆ. ಕಥೆ ಬದಲಾದದ್ದು ಭಕ್ತಿ ಕಡಿಮೆಯಾಗಿ ಅಲ್ಲ, ಹೆಚ್ಚಾಗಿ. ಇಂದ್ರನಿಗೆ ಬರುವ ಶಾಪವೂ ಎರಡರಲ್ಲಿ ಬೇರೆ ಬೇರೆ. ಆ ವಿವರ ಮುಜುಗರ ತರುವಂಥದ್ದೇ, ಆದರೆ ಅದು ಆಯಾ ಕಾವ್ಯದಲ್ಲಿ ಇರುವುದು.

ಮೂರನೆಯದು ಜೈನರದು. ಇದು ಕನ್ನಡದ ಓದುಗರಿಗೆ ಹೊಸದಲ್ಲ. ನಾಗಚಂದ್ರನ 'ರಾಮಚಂದ್ರಚರಿತ ಪುರಾಣ', ಅಂದರೆ ಪಂಪ ರಾಮಾಯಣ, ಅದೇ ದಾರಿಯದು. ಅಲ್ಲಿ ರಾವಣ ರಾಕ್ಷಸನಲ್ಲ, ದೊಡ್ಡ ಗುಣಗಳಿದ್ದೂ ಒಂದು ಮೋಹಕ್ಕೆ ಸಿಕ್ಕಿ ಹಾಳಾದವನು. ಅವನನ್ನು ಕೊಲ್ಲುವವನು ಲಕ್ಷ್ಮಣ. ಅಹಿಂಸೆಯ ದಾರಿಯಲ್ಲಿರುವ ರಾಮನ ಕೈಗೆ ಕೊಲೆ ಅಂಟಬಾರದು ಅಲ್ವಾ? ನಮ್ಮ ಕಾಲೇಜುಗಳಲ್ಲಿ ಕನ್ನಡ ಎಂ.ಎ. ಮಾಡಿದವರು ಇದನ್ನು ತಲೆಮಾರುಗಳಿಂದ ಓದಿಕೊಂಡು ಬಂದಿದ್ದಾರೆ. ಐದನೆಯದು ಥಾಯ್ಲೆಂಡಿನ ರಾಮಕಥೆ. ಅಲ್ಲಿನವರಿಗೆ ಸೀತೆಯ ವಿರಹಕ್ಕಿಂತ ಯುದ್ಧದ ಭಾಗ ಹೆಚ್ಚು ಇಷ್ಟ. ಅಲ್ಲಿನ ಹನುಮಂತ ಬ್ರಹ್ಮಚಾರಿಯಲ್ಲ.

ನಡುವಿನ ನಾಲ್ಕನೆಯ ಉದಾಹರಣೆ ನಮ್ಮದು. ಒಬ್ಬ ದಲಿತ ಗಾಯಕ ಹಾಡಿದ ಕನ್ನಡದ ಜನಪದ ರಾಮಾಯಣ. ರಾಮೇಗೌಡರು ಮತ್ತು ಸಂಗಡಿಗರು ಸಂಗ್ರಹಿಸಿದ್ದು, 1973ರಲ್ಲಿ ಮೈಸೂರಿನಲ್ಲಿ ಅಚ್ಚಾಗಿದ್ದು. ಇದರಲ್ಲಿ ರಾವಣನ ಹೆಸರು ರಾವುಳ. ಅವನಿಗೂ ಮಂಡೋದರಿಗೂ ಮಕ್ಕಳಿಲ್ಲ. ಶಿವ ಒಂದು ಮಾವಿನ ಹಣ್ಣು ಕೊಡುತ್ತಾನೆ. ತಿರುಳು ಹೆಂಡತಿಗೆ, ಓಟೆ ತನಗೆ ಎಂದು ಮಾತಾಗಿರುತ್ತದೆ. ಆಸೆ ತಡೆಯದೆ ರಾವುಳ ತಿರುಳನ್ನು ತಾನೇ ತಿಂದು ಓಟೆಯನ್ನು ಅವಳಿಗೆ ಕೊಡುತ್ತಾನೆ. ಬಸಿರಾಗುವವನು ಅವನೇ. ಒಂದೊಂದು ದಿನಕ್ಕೆ ಒಂದೊಂದು ತಿಂಗಳು ತುಂಬುತ್ತದೆ. ಕೊನೆಗೆ ಅವನು ಸೀನುತ್ತಾನೆ, ಮೂಗಿನಿಂದ ಮಗು ಹುಟ್ಟುತ್ತದೆ. ಸೀತದ್ದರಿಂದ ಹುಟ್ಟಿದವಳು ಸೀತೆ.

ಈ ಹಾಡಿನಲ್ಲಿ ಕಥೆಯ ಭಾರ ರಾಮನ ಮೇಲಿಲ್ಲ, ಸೀತೆಯ ಹುಟ್ಟು, ಮದುವೆ, ಬವಣೆಯ ಮೇಲಿದೆ ಎನ್ನುವುದನ್ನು ರಾಮಾನುಜನ್ ಗುರುತಿಸುತ್ತಾರೆ. ರಾವಣ ತನ್ನ ಮಗಳನ್ನೇ ಬಯಸಿದ ಎಂಬ ಭಯಂಕರ ಎಳೆಯೂ ಇದರಲ್ಲಿ ಸೇರಿಕೊಳ್ಳುತ್ತದೆ. ಅದು ಜೈನ ಪರಂಪರೆಯ ಕೆಲವು ಕೃತಿಗಳಲ್ಲೂ ಇದೆ. ನನಗೆ ಇಡೀ ಪ್ರಬಂಧದಲ್ಲಿ ತುಂಬ ಹಿಡಿಸಿದ ಭಾಗ ಇದು. ಮೈಸೂರು ಸೀಮೆಯ ಹಳ್ಳಿಯ ಹಾಡುಗಾರನೊಬ್ಬ ವಾಲ್ಮೀಕಿ, ಕಂಬರ ಪಂಕ್ತಿಯಲ್ಲಿ ಸಮನಾಗಿ ಕೂರುತ್ತಾನೆ. ಆಕ್ಸ್‌ಫರ್ಡ್, ಕ್ಯಾಲಿಫೋರ್ನಿಯಾದಂಥ ಪ್ರಕಾಶನಗಳ ಪುಟದಲ್ಲಿ ಅವನಿಗೆ ಆ ಜಾಗ ಸಿಕ್ಕಿತು.

ಮೂರು ಯೋಚನೆಗಳು ಎಂದರೆ, ಒಂದು ಪಠ್ಯ ಇನ್ನೊಂದಕ್ಕೆ ಹೋಗುವ ಮೂರು ಬಗೆ. ಒಂದು, ಪಾತ್ರ, ಘಟನೆ, ಅನುಕ್ರಮ ಎಲ್ಲವನ್ನೂ ಆದಷ್ಟು ಹಾಗೇ ಒಯ್ಯುವುದು. ಎರಡು, ಕಥೆಯ ಎಲುಬನ್ನು ಉಳಿಸಿಕೊಂಡು ಮಾಂಸವನ್ನೆಲ್ಲ ತನ್ನ ನೆಲದಿಂದ ತುಂಬುವುದು. ಕಂಬನ ಕೋಸಲ ತಮಿಳುನಾಡಿನ ಹಾಗೆ ಕಾಣುವುದು ಇದರಿಂದ. ಮೂರು, ಅದೇ ಕಥೆಯನ್ನು ಬಳಸಿಕೊಂಡು ಬೇರೆಯದೇ, ಕೆಲವೊಮ್ಮೆ ವಿರುದ್ಧವಾದ ಮಾತು ಹೇಳುವುದು. ಜೈನರು ಮಾಡಿದ್ದು ಇದನ್ನೇ. ಒಂದೇ ಕೃತಿಯಲ್ಲಿ ಈ ಮೂರೂ ಬೆರೆತಿರಬಹುದು.

ನಡುವೆ ಒಂದು ಮಾತು ಬರುತ್ತದೆ: ನಮ್ಮಲ್ಲಿ ರಾಮಾಯಣವನ್ನು ಯಾರೂ ಮೊದಲ ಸಲ ಓದುವುದಿಲ್ಲ. ಕಥೆ ಮೊದಲೇ ಗೊತ್ತಿರುತ್ತದೆ. ಒಂದು ರಾಮಾಯಣದಲ್ಲಿ ಸೀತೆಯೇ ಇದನ್ನು ವಾದಕ್ಕೆ ಬಳಸುತ್ತಾಳೆ. ಕಾಡಿಗೆ ಬರಬೇಡ ಎಂದ ರಾಮನಿಗೆ ಅವಳು ಕೇಳುತ್ತಾಳೆ, ಇಷ್ಟೊಂದು ರಾಮಾಯಣಗಳಿವೆ, ಸೀತೆ ಕಾಡಿಗೆ ಹೋಗದ ಒಂದನ್ನಾದರೂ ಕೇಳಿದ್ದೀಯಾ? ರಾಮ ಸುಮ್ಮನಾಗುತ್ತಾನೆ. ನಮ್ಮ ಕುಮಾರವ್ಯಾಸನ 'ತಿಣಿಕಿದನು ಫಣಿರಾಯ ರಾಮಾಯಣದ ಕವಿಗಳ ಭಾರದಲಿ' ಎಂಬ ಸಾಲಿನ ನೆನಪೂ ಈ ಪ್ರಬಂಧದಲ್ಲಿ ಬರುತ್ತದೆ. ರಾಮಾಯಣ ಬರೆದ ಕವಿಗಳ ಭಾರಕ್ಕೇ ಆದಿಶೇಷ ನರಳುತ್ತಿದ್ದಾನೆ, ಅಲ್ಲಿ ಕಾಲಿಡಲು ಜಾಗವಿಲ್ಲ ಎಂದು ಕವಿ ಭಾರತ ಬರೆಯಲು ಹೊರಟ. ಹಲವು ರಾಮಾಯಣಗಳಿವೆ ಎಂಬ ಮಾತು ಶಿಕಾಗೋದಲ್ಲಿ ಹುಟ್ಟಿದ್ದಲ್ಲ. ಗದುಗಿನಲ್ಲಿ ಆಗಲೇ ಅದು ತಿಳಿದ ವಿಷಯ.

ದೆಹಲಿಯಲ್ಲಿ ನಡೆದದ್ದು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ದೆಹಲಿ ವಿಶ್ವವಿದ್ಯಾಲಯ ಬಿ.ಎ. ಆನರ್ಸ್ ಇತಿಹಾಸದಲ್ಲಿ ಪ್ರಾಚೀನ ಭಾರತದ ಸಂಸ್ಕೃತಿಯ ಬಗ್ಗೆ ಒಂದು ಕೋರ್ಸ್ ಇಟ್ಟಿತ್ತು. ಅದರ ಓದಿನ ಪಟ್ಟಿಯಲ್ಲಿ ಈ ಪ್ರಬಂಧವಿತ್ತು. ರಾಮ, ಸೀತೆ, ಹನುಮಂತರನ್ನು ಕೀಳಾಗಿ ತೋರಿಸಿದೆ ಎಂದು ಆಕ್ಷೇಪ ಬಂತು. 2008ರ ಫೆಬ್ರವರಿಯಲ್ಲಿ ಎಬಿವಿಪಿ ಕಾರ್ಯಕರ್ತರು ಇತಿಹಾಸ ವಿಭಾಗಕ್ಕೆ ನುಗ್ಗಿ ಒಡೆದುಹಾಕಿದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ತಜ್ಞರ ಸಮಿತಿ ಮಾಡಿ ಅಭಿಪ್ರಾಯ ಪಡೆಯಿರಿ ಎಂದು ಕೋರ್ಟ್ ವಿಶ್ವವಿದ್ಯಾಲಯಕ್ಕೆ ಹೇಳಿತು. ಸಮಿತಿಯ ನಾಲ್ವರಲ್ಲಿ ಮೂವರು ಪ್ರಬಂಧ ಇರಲಿ ಎಂದರು. ಒಬ್ಬರು ಪದವಿ ತರಗತಿಗೆ ಬೇಡ ಎಂದರು. 2011ರ ಅಕ್ಟೋಬರ್‌ನಲ್ಲಿ ವಿಶ್ವವಿದ್ಯಾಲಯದ ಅಕಾಡೆಮಿಕ್ ಕೌನ್ಸಿಲ್ ಬಹುಮತದ ಮಾತನ್ನು ಬಿಟ್ಟು ಪ್ರಬಂಧವನ್ನು ತೆಗೆದುಹಾಕಿತು. ಅಧ್ಯಾಪಕರೂ ವಿದ್ಯಾರ್ಥಿಗಳೂ ಮೆರವಣಿಗೆ ಮಾಡಿದರು.

ಆಕ್ಷೇಪ ಎತ್ತಿದವರೆಲ್ಲ ಕೆಟ್ಟವರು ಎಂದು ಹೇಳಲು ನಾನು ಸಿದ್ಧನಿಲ್ಲ. ದಿನವೂ ರಾಮನಾಮ ಹೇಳುವ ಮನೆಯಿಂದ ಬಂದ 19 ವರ್ಷದ ಹುಡುಗಿಗೆ ಇಂದ್ರನ ಶಾಪದ ವಿವರ ಮೊದಲ ಸಲ ತರಗತಿಯಲ್ಲಿ ಎದುರಾದರೆ ಮುಜುಗರವಾಗಬಹುದು. ಅದನ್ನು ಸಂಭಾಳಿಸಿ ಪಾಠ ಮಾಡಲು ಒಳ್ಳೆಯ ಮೇಷ್ಟ್ರು ಬೇಕು. ಆದರೆ ಅದು ಪಾಠ ಹೇಗೆ ಮಾಡಬೇಕು ಎನ್ನುವ ಪ್ರಶ್ನೆ. ಕುರ್ಚಿ ಮೇಜು ಒಡೆದರೆ ಅದಕ್ಕೆ ಉತ್ತರ ಸಿಗುವುದಿಲ್ಲ. ಇನ್ನೊಂದು ಮಾತು. ಹಳ್ಳಿಯ ಹಾಡುಗಾರ ಸೀತೆ ರಾವುಳನ ಮಗಳು ಎಂದು ಹಾಡಿದ್ದು ಅವಮಾನ ಮಾಡಲು ಅಲ್ಲ, ಭಕ್ತಿಯಿಂದ. ಅವನ ಹಾಡನ್ನು ಇದ್ದ ಹಾಗೆ ವರದಿ ಮಾಡಿದ್ದೇ ತಪ್ಪು ಎಂದರೆ, ತಪ್ಪು ಹೊರಿಸುತ್ತಿರುವುದು ಪ್ರಾಧ್ಯಾಪಕನ ಮೇಲಲ್ಲ, ಆ ಹಾಡುಗಾರನ ಮೇಲೆ.

ನಮ್ಮ ಕಡೆ ತಾಳಮದ್ದಳೆ ನೋಡಿದವರಿಗೆ ಇದು ಅರ್ಥವಾಗುತ್ತದೆ. ವಾಲಿಯ ಪಾತ್ರಧಾರಿ ರಾಮನನ್ನು ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ರಾತ್ರಿಯಿಡೀ ಜಗ್ಗಾಡುತ್ತಾನೆ. ಎದುರು ಕೂತವರು ಭಕ್ತರೇ. ಅವರು ಎದ್ದು ಹೋಗುವುದಿಲ್ಲ, ವಾದ ಚೆನ್ನಾಗಿದ್ದರೆ ತಲೆದೂಗುತ್ತಾರೆ. ಕುವೆಂಪು 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಸೀತೆಯ ಜೊತೆ ರಾಮನನ್ನೂ ಅಗ್ನಿಪ್ರವೇಶ ಮಾಡಿಸಿದರು. ವಾಲ್ಮೀಕಿಯಲ್ಲಿ ಇಲ್ಲದ್ದು ಅದು. 1967ರ ಜ್ಞಾನಪೀಠ ಪ್ರಶಸ್ತಿ ಆ ಕಾವ್ಯಕ್ಕೆ ಬಂತು.

ಪ್ರಕಾಶಕರ ಕಡೆಯ ಕಥೆ

ಈಗ ಮುಖ್ಯ ವಿಷಯಕ್ಕೆ ಬರೋಣ. ದೆಹಲಿಯ ಗಲಾಟೆಯ ಅದೇ 2008ರಲ್ಲಿ ಪಂಜಾಬಿನ ಒಂದು ಸಣ್ಣ ಊರಿನ ಕೋರ್ಟಿನಲ್ಲಿ ಪ್ರಕಾಶಕರ ವಿರುದ್ಧ ದೂರು ದಾಖಲಾಯಿತು. ಆಕ್ಸ್‌ಫರ್ಡ್‌ನ ಭಾರತದ ಕಚೇರಿ ದೂರುದಾರರ ಕಡೆಗೆ ಒಂದು ಪತ್ರ ಬರೆಯಿತು. ಪ್ರಬಂಧದಿಂದ ನಿಮಗೆ ನೋವಾಗಿದ್ದರೆ ವಿಷಾದವಿದೆ, ನಾವು ಈ ಪುಸ್ತಕವನ್ನು ಮಾರುತ್ತಿಲ್ಲ, ಮತ್ತೆ ತರುವ ಯೋಚನೆಯೂ ಇಲ್ಲ ಎಂಬುದು ಪತ್ರದ ಸಾರ. ಹೊರಗಿನವರಿಗೆ ಇದು ಗೊತ್ತಾಗಲಿಲ್ಲ. ಪುಸ್ತಕ ಕೇಳಿದವರಿಗೆ ಅದು ಸಿಗುತ್ತಿರಲಿಲ್ಲ, ಅಷ್ಟೆ. ಮೂರು ವರ್ಷ ಕಳೆದು, ಪಠ್ಯದಿಂದ ಪ್ರಬಂಧ ತೆಗೆದ ಸುದ್ದಿ ದೊಡ್ಡದಾದಾಗ, ಈ ಪತ್ರವೂ ಬೆಳಕಿಗೆ ಬಂತು.

ಆಕ್ಸ್‌ಫರ್ಡ್ ಹೀಗೇಕೆ ಮಾಡಿತು? ಅದರ ಭಯಕ್ಕೆ ಕಾರಣ ಇತ್ತು. 2003ರಲ್ಲಿ ಅದೇ ಪ್ರಕಾಶನ ಜೇಮ್ಸ್ ಲೇನ್ ಎಂಬ ಅಮೆರಿಕದ ವಿದ್ವಾಂಸರು ಶಿವಾಜಿಯ ಮೇಲೆ ಬರೆದ ಪುಸ್ತಕ ತಂದಿತ್ತು. ವಿರೋಧ ಬಂದ ಕೂಡಲೇ ಅದನ್ನು ಹಿಂತೆಗೆದುಕೊಂಡಿತು. ಆದರೂ 2004ರ ಜನವರಿಯಲ್ಲಿ ಪುಣೆಯ ಭಂಡಾರ್ಕರ್ ಸಂಸ್ಥೆಯ ಮೇಲೆ ದಾಳಿಯಾಯಿತು. ಅಪರೂಪದ ಹಸ್ತಪ್ರತಿಗಳಿದ್ದ ಜಾಗ ಅದು. ಮುನ್ನುಡಿಯಲ್ಲಿ ಆ ಸಂಸ್ಥೆಗೆ ಕೃತಜ್ಞತೆ ಹೇಳಿದ್ದೇ ಸಾಕಾಗಿತ್ತು. ಮಹಾರಾಷ್ಟ್ರ ಸರ್ಕಾರ ಪುಸ್ತಕ ನಿಷೇಧಿಸಿತು. ಆ ನಿಷೇಧ ಸರಿಯಲ್ಲ ಎಂದು ಸುಪ್ರೀಂ ಕೋರ್ಟ್ ಕೊನೆಗೆ ಹೇಳಿದ್ದು 2010ರಲ್ಲಿ. ಇಷ್ಟೆಲ್ಲ ಕಂಡ ಕಚೇರಿಯೊಂದು 2008ರಲ್ಲಿ ಇನ್ನೊಂದು ದೂರು ಬಂದಾಗ ಹೆದರಿದ್ದು ಅರ್ಥವಾಗದ ವಿಷಯವಲ್ಲ.

ಕಾನೂನೂ ಹೆದರಿಸುವಂತೆಯೇ ಇತ್ತು. ಧಾರ್ಮಿಕ ಭಾವನೆಗೆ ಬೇಕೆಂದೇ ಧಕ್ಕೆ ತರುವುದನ್ನು ಅಪರಾಧ ಮಾಡಿದ 295ಎ ಸೆಕ್ಷನ್ ಬಂದದ್ದು 1927ರಲ್ಲಿ, ಬ್ರಿಟಿಷರ ಕಾಲದಲ್ಲಿ. ಇಂಥ ಕ್ರಿಮಿನಲ್ ದೂರನ್ನು ಪುಸ್ತಕ ಅಚ್ಚಾದ ಊರಿನಲ್ಲೇ ಕೊಡಬೇಕೆಂದಿಲ್ಲ. ದೂರದ ಯಾವುದೋ ಊರಿನಿಂದ ಸಮನ್ಸ್ ಬಂದರೆ ಸಂಪಾದಕರು, ಮ್ಯಾನೇಜರ್‌ಗಳು ರೈಲು ಹತ್ತಿ ಹೋಗಿ ಕೋರ್ಟಿನಲ್ಲಿ ನಿಲ್ಲಬೇಕು, ವಕೀಲರನ್ನು ಇಡಬೇಕು, ಜಾಮೀನು ತೆಗೆದುಕೊಳ್ಳಬೇಕು. ಕೊನೆಗೆ ಗೆಲ್ಲುವುದು ಖಚಿತವಿದ್ದರೂ ಆ ಕೊನೆ ಬರಲು ವರ್ಷಗಳು ಬೇಕು. ನಿಧಾನವಾಗಿ ಮಾರಾಟವಾಗುವ ಪ್ರಬಂಧ ಸಂಕಲನಕ್ಕೆ ಅಷ್ಟು ಖರ್ಚು ಮಾಡಲು ಲೆಕ್ಕಪತ್ರ ನೋಡುವವರು ಒಪ್ಪುವುದು ಕಷ್ಟ. ಕಥೆ, ಕಾದಂಬರಿಯ ಪ್ರಕಾಶಕರಿಗಿಂತ ವಿದ್ವತ್ ಪ್ರಕಾಶಕರು ಇಂಥ ಕಡೆ ಬೇಗ ಕೈಬಿಡುವುದು ಇದಕ್ಕೇ. ಅವರ ಪುಸ್ತಕಗಳಿಗೆ ಬೆಲೆ ಇದೆ, ಮಾರುಕಟ್ಟೆ ಚಿಕ್ಕದು.

2011ರ ಪತ್ರಕ್ಕೆ ಆಕ್ಸ್‌ಫರ್ಡ್ ಕೊಟ್ಟ ವಿವರಣೆಯೂ ಈ ಕಡೆಯದೇ. ಒತ್ತಡಕ್ಕೆ ಮಣಿದು ನಿಲ್ಲಿಸಿದ್ದಲ್ಲ, ಮಾರಾಟ ತೀರಾ ಕಡಿಮೆ ಇತ್ತು, ಅದಕ್ಕೆ ಮರುಮುದ್ರಣ ಮಾಡಲಿಲ್ಲ ಎಂದಿತು. ಡಿಸೆಂಬರ್‌ನಲ್ಲಿ ಪುಸ್ತಕಗಳನ್ನು ಮತ್ತೆ ಅಚ್ಚು ಹಾಕುವುದಾಗಿ ಘೋಷಿಸಿತು. ಪ್ರಬಂಧ ಸಂಪುಟ ಮತ್ತು 'ಮೆನಿ ರಾಮಾಯಣಾಸ್' ಎರಡೂ ಬರುತ್ತವೆ ಎಂದಿತು.

ಮಾರಾಟದ ಮಾತು ಸುಳ್ಳೇ ಇರಬೇಕಿಲ್ಲ. ಇಂಥ ಪುಸ್ತಕಗಳು ನಿಧಾನವಾಗಿಯೇ ಹೋಗುತ್ತವೆ. ನನ್ನ ತಕರಾರು ಬೇರೆ. ಕಡಿಮೆ ಮಾರಾಟ ಮತ್ತು ಕೋರ್ಟಿನ ಭಯ ಎರಡೂ ಒಟ್ಟಿಗೆ ಬಂದಾಗ, ಹೊರಗಿನವರಿಗೆ ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ನೋಡಲು ದಾರಿಯೇ ಇರುವುದಿಲ್ಲ. ಸರ್ಕಾರ ನಿಷೇಧಿಸಿದರೆ ಆದೇಶ ಇರುತ್ತದೆ. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು, ಲೇನ್ ಪುಸ್ತಕದ ನಿಷೇಧವನ್ನು ಹಾಗೆಯೇ ಪ್ರಶ್ನಿಸಿ ಗೆದ್ದರು. 'ಪ್ರತಿಗಳು ಲಭ್ಯವಿಲ್ಲ' ಎಂಬ ಮಾತನ್ನು ಯಾವ ಕೋರ್ಟಿನಲ್ಲಿ ಪ್ರಶ್ನಿಸುತ್ತೀರಿ? ಅಲ್ಲಿ ಆದೇಶವಿಲ್ಲ, ಸಹಿ ಇಲ್ಲ, ಕಾರಣವಿಲ್ಲ. ಬೀದಿಯ ಗಲಾಟೆಗಿಂತ ಈ ಮೌನ ನನಗೆ ಹೆಚ್ಚು ಅಪಾಯಕಾರಿ ಅನ್ನಿಸುವುದು ಅದಕ್ಕೆ.

ಆಗ ಬೇರೆ ದಾರಿ ಇರಲಿಲ್ಲವೇ? ಇತ್ತು. ಬೇಡಿಕೆ ಬಂದಷ್ಟೇ ಪ್ರತಿ ಅಚ್ಚು ಹಾಕುವ ತಂತ್ರಜ್ಞಾನ 2008ರ ಹೊತ್ತಿಗೆ ವಿದ್ವತ್ ಪ್ರಕಾಶಕರಿಗೆ ಹೊಸದಲ್ಲ. ಗೋದಾಮಿನಲ್ಲಿ ಪ್ರತಿಗಳನ್ನು ಇಟ್ಟುಕೊಳ್ಳುವ ಖರ್ಚಿಲ್ಲದೆ ಪುಸ್ತಕವನ್ನು ಜೀವಂತ ಇಡಬಹುದಿತ್ತು. ಕ್ಯಾಲಿಫೋರ್ನಿಯಾ ಪ್ರೆಸ್ 'ಮೆನಿ ರಾಮಾಯಣಾಸ್' ಅನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ಓದುವಂತೆ ಇಟ್ಟಿದೆ. ಅದೇ ಪುಸ್ತಕ, ಅದೇ ಪ್ರಬಂಧ. ಬೇಡ ಎನಿಸಿದ್ದರೆ ಹಕ್ಕುಗಳನ್ನು ವಾರಸುದಾರರಿಗೆ ಮರಳಿಸಿ, ಧೈರ್ಯ ಇರುವ ಇನ್ನೊಬ್ಬ ಪ್ರಕಾಶಕರು ತರಲಿ ಎಂದು ಬಿಡಬಹುದಿತ್ತು. ಕೊನೆಯಪಕ್ಷ, ದೂರು ಬಂದಿದೆ, ಹೀಗೆ ನಿರ್ಧರಿಸಿದ್ದೇವೆ ಎಂದು ಬಹಿರಂಗವಾಗಿ ಹೇಳಬಹುದಿತ್ತು. ಆಗ 450 ಜನರ ಪತ್ರ ಮೂರು ವರ್ಷ ಮೊದಲೇ ಬರುತ್ತಿತ್ತು, ಪ್ರಕಾಶಕರ ಬೆನ್ನಿಗೆ ನಿಲ್ಲುವ ಪತ್ರವಾಗಿಯೇ ಬರುತ್ತಿತ್ತು.

ಆ ಪತ್ರ ಕೆಲಸ ಮಾಡಿದ್ದು ಹೇಗೆ ಎನ್ನುವುದೂ ಗಮನಿಸಬೇಕಾದ್ದು. ಸಹಿ ಹಾಕಿದವರು ಹೊರಗಿನ ಹೋರಾಟಗಾರರಲ್ಲ. ಶೆಲ್ಡನ್ ಪೊಲಾಕ್, ವೆಂಡಿ ಡೋನಿಗರ್, ಪೌಲಾ ರಿಚ್‌ಮನ್ ಮುಂದಾಳುತನದಲ್ಲಿ ಅದನ್ನು ಬರೆದವರು ಈ ವಿಷಯದ ಒಳಗಿನವರು. ವಿದ್ವತ್ ಪ್ರಕಾಶನ ನಡೆಯುವುದೇ ಇಂಥವರಿಂದ. ಅವರೇ ಹಸ್ತಪ್ರತಿ ಕೊಡುವವರು, ಬೇರೆಯವರ ಹಸ್ತಪ್ರತಿ ಓದಿ ಅಭಿಪ್ರಾಯ ಹೇಳುವವರು, ತಮ್ಮ ಗ್ರಂಥಾಲಯಕ್ಕೆ ಪುಸ್ತಕ ತರಿಸುವವರು. ಅವರ ಬೇಸರ ಪ್ರಕಾಶಕರಿಗೆ ನೇರವಾಗಿ ತಟ್ಟುತ್ತದೆ. ಎಲ್ಲ ಪುಸ್ತಕಕ್ಕೂ ಇಷ್ಟು ದೊಡ್ಡ ಬಳಗ ಇರುವುದಿಲ್ಲ ಎನ್ನುವುದು ದುಃಖದ ಸಂಗತಿ. ರಾಮಾನುಜನ್‌ಗೆ ಇತ್ತು. ಹೆಸರು ಮಾಡದ ಯುವ ಸಂಶೋಧಕಿಯ ಮೊದಲ ಪುಸ್ತಕಕ್ಕೆ ಇದೇ ಆಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಇದರಿಂದ ಪ್ರಕಾಶಕರೆಲ್ಲ ಗಟ್ಟಿಯಾದರು ಎನ್ನಲೂ ಆಗುವುದಿಲ್ಲ. 2014ರ ಫೆಬ್ರವರಿಯಲ್ಲಿ ಪೆಂಗ್ವಿನ್ ಇಂಡಿಯಾ ಡೋನಿಗರ್ ಅವರ ಪುಸ್ತಕವೊಂದನ್ನು ಕೋರ್ಟಿನ ಹೊರಗಿನ ಒಪ್ಪಂದದಲ್ಲಿ ಹಿಂತೆಗೆದುಕೊಂಡಿತು. ಅಲ್ಲಿಯೂ ನಿಷೇಧ ಇರಲಿಲ್ಲ.

ನಮ್ಮ ಮನೆಯ ಲೆಕ್ಕ

ಕನ್ನಡದಲ್ಲಿ ವಿದ್ವತ್ ಪುಸ್ತಕಗಳ ದೊಡ್ಡ ಪಾಲು ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳಿಂದ ಬರುತ್ತದೆ. ನವೆಂಬರ್‌ನಲ್ಲಿ ರಾಜ್ಯೋತ್ಸವದ ರಿಯಾಯಿತಿ ಮಾರಾಟಕ್ಕೆ ಹೋಗಿ, ಬೇಕಾದ ಪುಸ್ತಕದ ಹೆಸರು ಹೇಳಿ, ಸ್ಟಾಕ್ ಇಲ್ಲ ಎನ್ನಿಸಿಕೊಂಡು ಬಂದವರು ಬಹಳ ಜನ ಇದ್ದಾರೆ. ಅದರಲ್ಲಿ ಭಯ, ಒತ್ತಡ ಇಲ್ಲದಿರಬಹುದು, ಹೆಚ್ಚಿನ ಸಲ ಬರೀ ಉದಾಸೀನ. ಓದುಗನ ಪಾಲಿಗೆ ಎರಡೂ ಒಂದೇ. ಹಾಡುಗಾರರ ಹಿಂದೆ ಹಳ್ಳಿ ಹಳ್ಳಿ ತಿರುಗಿ ಸಂಗ್ರಹಿಸಿದ ಜನಪದ ಕಾವ್ಯಗಳ ಸಂಪುಟ ಸಿಗದೇ ಹೋದರೆ, ಮುಂದಿನ ರಾಮಾನುಜನ್ ಯಾವುದನ್ನು ಓದಿ ಬರೆಯಬೇಕು? ಅವರ ಪ್ರಬಂಧದ ನಾಲ್ಕನೆಯ ಉದಾಹರಣೆ ಸಾಧ್ಯವಾದದ್ದು ಮೈಸೂರಿನಲ್ಲಿ ಅಚ್ಚಾದ ಒಂದು ಸಂಗ್ರಹ ಕೈಗೆ ಸಿಕ್ಕಿದ್ದರಿಂದ.

ಪ್ರಸಾರಾಂಗಗಳು ಒಂದು ಸಣ್ಣ ಕೆಲಸ ಮಾಡಬಹುದು. ಮುಗಿದುಹೋದ ಪುಸ್ತಕಗಳ ಪಟ್ಟಿಯನ್ನು ಪ್ರತಿ ವರ್ಷ ಹೊರಗಿಟ್ಟು, ಯಾವುದನ್ನು ಮತ್ತೆ ತರುತ್ತೇವೆ, ಯಾವುದನ್ನು ತರುವುದಿಲ್ಲ, ಏಕೆ ಎಂದು ಬರೆಯುವುದು. ತರುವುದಿಲ್ಲ ಎಂದಾದರೆ ಹಕ್ಕನ್ನು ಲೇಖಕರಿಗೋ ಅವರ ಮನೆಯವರಿಗೋ ಬರವಣಿಗೆಯಲ್ಲಿ ಬಿಟ್ಟುಕೊಡುವುದು. ಖಾಸಗಿ ಪ್ರಕಾಶಕರ ಜೊತೆ ಒಪ್ಪಂದ ಮಾಡಿಕೊಳ್ಳುವ ಲೇಖಕರು ಕೂಡ ಇದನ್ನು ಸಹಿ ಹಾಕುವ ಮೊದಲೇ ಕೇಳಬೇಕು. ಇಷ್ಟು ವರ್ಷ ಪುಸ್ತಕ ಅಚ್ಚಿನಲ್ಲಿ ಇಲ್ಲದಿದ್ದರೆ ಹಕ್ಕು ಮರಳುತ್ತದೆ ಎಂಬ ಒಂದು ಸಾಲು ಒಪ್ಪಂದದಲ್ಲಿ ಇದ್ದರೆ, ಪ್ರಕಾಶಕರ ಮೌನಕ್ಕೆ ಒಂದು ಗಡುವು ಬೀಳುತ್ತದೆ.

ಆ ಗಡುವು ಏಕೆ ಬೇಕು ಎನ್ನುವುದು ರಾಮಾನುಜನ್ ಉದಾಹರಣೆಯಲ್ಲೇ ಇದೆ. ದೆಹಲಿಯ ಆ ಪಟ್ಟಿಗೆ ಪ್ರಬಂಧ ಮರಳಲಿಲ್ಲ, ಪುಸ್ತಕ ಮಾತ್ರ ಅಚ್ಚಿಗೆ ಮರಳಿತು. ಭಾರತದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಅವರ ಪ್ರಬಂಧಗಳ ಮಟ್ಟಿಗೆ ಅದು 2053ರ ಕೊನೆಯವರೆಗೆ. ಅಲ್ಲಿಯ ತನಕ ಹಕ್ಕು ಉಳ್ಳವರ ಒಪ್ಪಿಗೆ ಇಲ್ಲದೆ ಬೇರೆ ಯಾರೂ ಅವನ್ನು ಅಚ್ಚು ಹಾಕುವಂತಿಲ್ಲ.